ಷಡಕ್ಷರಪ್ಪನವರ ಕಾಲಿಂಚು

ಶಿವಮೊಗ್ಗದ ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಬಡಗಿ ಷಡಕ್ಷರಪ್ಪನವರು ಭದ್ರಾವತಿಯಿಂದ ಲಗೇಜ್ ಆಟೋದಲ್ಲಿ ನಾನು ಮಾಡಲು ಹೇಳಿದ್ದ ಕಪಾಟು ತಂದರು. ಗೃಹಕ್ಕೆ ಪ್ರವೇಶ ಸಿಕ್ಕಿತು, ಗೋಡೆಯ ಗೂಡಿಗೆ ಸಿಗಲಿಲ್ಲ. ನೆಂಟರೆಲ್ಲ ಕೋಸಂಬರಿ ಬಾಯಿಗಿಡುವುದನ್ನೂ ಮರೆತು ನೋಡುತ್ತಿರುವಾಗ ಅವರು ಭುಜ ಕೊಟ್ಟು ತಳ್ಳಿದರು. ಗೋಡೆಯ ಹಸಿ ಬಣ್ಣ ಅವರ ಅಂಗಿಗೆ ಬಂತು; ಕಪಾಟು ಮಾತ್ರ ಹೊರಗೇ ನಿಂತಿತು.

"ನಾಲ್ಕಡಿ ಅಂದಿದ್ನಲ್ಲ ಮಾರಾಯ್ರೆ?" ಎಂದೆ.

"ನಾಲ್ಕಡೀನೇ ಸಾರ್." ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು ನೋಡಿದವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ ಶಿವನೇ, ಇದು ಕಾರ್ಖಾನೆ ಸ್ಕೇಲು! ಇದರ ಒಂದಡಿ ನಿಮ್ಮ ಅಡಿಗಿಂತ ಕಾಲಿಂಚು ಜಾಸ್ತಿ."

ಅವರು ಇಪ್ಪತ್ತೆಂಟು ವರ್ಷ ಕಾರ್ಖಾನೆಯೊಂದರಲ್ಲಿ ಮರದ ಮಾದರಿ ಮಾಡುತ್ತಿದ್ದವರು. ಉಕ್ಕಿನಲ್ಲಿ ಏನನ್ನಾದರೂ ಎರಕ ಹೊಯ್ಯಬೇಕೆಂದರೆ ಮೊದಲು ಅದನ್ನು ತೇಗದಲ್ಲಿ ಕೆತ್ತಬೇಕು, ಮರಳಿನಲ್ಲಿ ಅದರ ಅಚ್ಚೊತ್ತಬೇಕು. ಕಾದ ಉಕ್ಕು ತಣ್ಣಗಾದಾಗ ಕುಗ್ಗುವುದರಿಂದ ಮರದ ಮಾದರಿಯನ್ನು ಅಡಿಗೆ ಕಾಲಿಂಚು ಹಿಗ್ಗಿಸಿಯೇ ಮಾಡುತ್ತಾರೆ. ಅದಕ್ಕೆಂದೇ ಬೇರೆ ಸ್ಕೇಲು.

"ಹಾಗಾದ್ರೆ ಕಪಾಟು ತಣ್ಣಗಾಗೋವರೆಗೂ ಕಾಯೋಣ್ವಾ?" ಎಂದಳು ನನ್ನ ಹೆಂಡತಿ ಸರಸ್ವತಿ. ನೆಂಟರು ನಕ್ಕರು. ಷಡಕ್ಷರಪ್ಪ ಮಾತ್ರ ಕುಗ್ಗಿದರು, ಅಡಿಗೆ ಕಾಲಿಂಚಿಗಿಂತ ಜಾಸ್ತಿಯೇ.

ವಾರದೊಳಗೆ ಕಪಾಟು ಒಯ್ದು ಕೊಯ್ದು ತಂದು ಕೂರಿಸಿದರು. ತಪ್ಪು ಕಾಣಿಕೆ ಎಂದು ಒಂದು ದುಂಡನೆಯ ಟೀಪಾಯಿಯನ್ನೂ ಇಟ್ಟುಹೋದರು. ಅದನ್ನು ಒರೆಸುತ್ತಿದ್ದ ಸರಸ್ವತಿ ಅಡಿಯಲ್ಲಿ ಕೆಂಪು ಬಣ್ಣದ ಕೆಳಗೆ ಕೆತ್ತಿದ್ದ ಅಕ್ಷರವೊಂದನ್ನು ಕಂಡಳು: 'ಗೋ'. ಕಪಾಟಿನ ಬೆನ್ನಿನಲ್ಲೂ ಅದೇ 'ಗೋ'. ಕಾನ್ವೆಂಟಿನಲ್ಲಿ ಕಲಿತ ನಾನು ಯಾರೋ ನನ್ನನ್ನು ಹೊರಗೆ ಹೋಗು ಎನ್ನುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಸಲ ಬಂದಾಗ ಕೇಳಿದೆ. ಷಡಕ್ಷರಪ್ಪನವರ ಮುಖ ಇಳಿಯಿತು.

"ಗೋವಿಂದಯ್ಯ ಅಂತ, ನನ್ನ ಗುರುಗಳು. ಉಳಿ ಹಿಡಿಯೋದು ಕಲಿಸಿದೋರು. ಮಾದರಿ ಮಾಡಿದೋರು ಅದರ ಅಡೀಲಿ ತಮ್ಮ ಹೆಸರಿನ ಮೊದಲ ಅಕ್ಷರ ಕೆತ್ತೋದು ನಮ್ಮಲ್ಲಿ ರೂಢಿ. ಕಾರ್ಖಾನೆಯೋರು ಹಳೇ ಮಾದರಿಗಳನ್ನೆಲ್ಲ ಸೌದೆ ಲೆಕ್ಕದಲ್ಲಿ ಗುಜರಿಗೆ ಹಾಕಿದ್ರು. ರಿಟೈರಾಗಿದ್ನಲ್ಲ, ತಂದು ಬೆಂಚು, ಕಪಾಟು ಮಾಡೋಕೆ ಶುರು ಮಾಡ್ದೆ. ಈ ಟೀಪಾಯಿ ಇದೆಯಲ್ಲ, ಇದು ಅವರು ಮಾಡಿದ ಹಲ್ಲುಚಕ್ರದ ಮಾದರಿ. ನಾಲ್ಕು ತಿಂಗಳು ಕೂತು ಮಾಡಿದ್ರು. ನಾನು ಅರ್ಧ ದಿನದಲ್ಲಿ ಹಲ್ಲು ಉದುರಿಸಿದೆ."

"ಅವರಿಗೆ ಗೊತ್ತಾ?"

"ಗೊತ್ತಾಗಬಾರದು ಅಂತಾನೇ ಅವರ ಬೀದಿ ಬಿಟ್ಟು ಸುತ್ತಿ ಹಾಲಿಗೆ ಹೋಗ್ತೀನಿ. ಪ್ರತಿ ಆಯುಧಪೂಜೆಗೆ ನನ್ನ ಉಳಿಗೆ ಅವರ ಕೈಯಲ್ಲೇ ಕುಂಕುಮ ಇಡಿಸ್ಕೊಳ್ತಿದ್ದೆ. ಎರಡು ವರ್ಷದಿಂದ ಹೋಗಿಲ್ಲ ಸಾರ್."

ಅಂದಿನಿಂದ ನಾನು ಟೀಪಾಯಿಯ ಮೇಲೆ ಕಾಲು ಚಾಚುವುದು ಬಿಟ್ಟೆ. ಪಾಪದಲ್ಲಿ ನನಗೂ ಪಾಲಿತ್ತಲ್ಲ, ಅದೂ ಪಾಲಿಶ್ ಮಾಡಿದ ಪಾಲು. ಹೋಗಿ ಹೇಳಿಬಿಡಿ ಎಂದು ಅವರನ್ನು ಪೀಡಿಸಿದೆ. ಕೊನೆಗೆ ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಟೀಪಾಯಿಯನ್ನು ಹೊತ್ತುಕೊಂಡು ನಾನೇ ಭದ್ರಾವತಿಯ ಬಸ್ಸು ಹತ್ತಿದೆ. "ನಾಲ್ಕು ಕಾಲಿನೋರಿಗೆ ಸೀಟಿಲ್ಲ ಸಾರ್," ಎಂದ ಕಂಡಕ್ಟರು. ಮಲವಗೊಪ್ಪ ದಾಟುವವರೆಗೂ ಅದನ್ನು ತೊಡೆಯ ಮೇಲೇ ಕೂರಿಸಿಕೊಂಡಿದ್ದೆ. ಭದ್ರಾವತಿಯಲ್ಲಿ ಇಳಿದು ಷಡಕ್ಷರಪ್ಪನವರನ್ನೂ ಹೊರಡಿಸಿಕೊಂಡು ಅವರ ಗುರುಗಳ ಮನೆಗೆ ಹೋದೆ.

ಗೋವಿಂದಯ್ಯನವರಿಗೆ ಕಣ್ಣು ಮಂಜಾಗಿತ್ತು. ಜಗಲಿಯಲ್ಲಿ ಕೂತಿದ್ದ ಅವರ ಮುಂದೆ ಷಡಕ್ಷರಪ್ಪ ಟೀಪಾಯಿ ಇಟ್ಟು, ಅದರ ಮೇಲೆ ತಮ್ಮ ಉಳಿ ಇಟ್ಟು ಕೈ ಕಟ್ಟಿ ನಿಂತರು. ಮುದುಕರ ಬೆರಳು ಮರದ ಅಂಚನ್ನು ಸವರುತ್ತ ಸುತ್ತು ಬಂದು ಅಡಿಗೆ ಇಳಿಯಿತು. ಅಲ್ಲೇ ನಿಂತಿತು.

"ನನ್ನ ಚಕ್ರ."

"ತಪ್ಪಾಯ್ತು ಗುರುಗಳೇ. ಹೊಟ್ಟೆಪಾಡು..." ಷಡಕ್ಷರಪ್ಪ ಬಿಕ್ಕಿದರು.

"ಅಳೋದ್ಯಾಕೋ, ಮಂಗ? ಒಲೆಗೆ ಹೋಗೋದು ತಪ್ಪಿ ಒಬ್ಬರ ಮನೇಲಿ ಕಾಫಿ ಹೊತ್ಕೊಂಡಿದೆ. ಎರಡು ವರ್ಷ ಬೀದಿ ಸುತ್ತಿದ್ದು ಇದಕ್ಕೇನೋ? ಭವಾನೀ, ಲೋಟಗಳನ್ನ ಇದರ ಮೇಲೇ ಇಡಮ್ಮಾ."

ಮಗಳು ಕಾಫಿ ತಂದಿಟ್ಟಳು. ಮುದುಕರು ಕುಂಕುಮದ ಬಟ್ಟಲಿಗೆ ಬೆರಳದ್ದಿ ಉಳಿಗೆ ಬೊಟ್ಟಿಟ್ಟರು. ನಾನು ಕನ್ನಡಕ ತೆಗೆದು ಸುಮ್ಮನೆ ಒರೆಸಿಕೊಂಡೆ.

"ಹೊಟ್ಟೆ ಹಸಿದಾಗ ಗುರುವಿಂದು, ನಿಂದು ಅಂತ ನೋಡೋಕಾಗುತ್ತೇನೋ," ಎಂದರು ಗೋವಿಂದಯ್ಯ. "ನೀನು ಮಾಡಿದ ಆ ಪಂಪಿನ ಮಾದರಿ ಬಲು ಚೆಂದ ಇತ್ತು. ಅದು ಯಾರ ಮನೇಲಿ ಏನಾಗಿದೆ?"

ಷಡಕ್ಷರಪ್ಪ ಉಳಿಯ ಮೇಲಿನ ಹಸಿ ಕುಂಕುಮವನ್ನೇ ನೋಡುತ್ತ ನಿಂತರು.

"ನನ್ನವು ಯಾವುದನ್ನೂ ಕೊಯ್ದಿಲ್ಲ ಗುರುಗಳೇ. ಎಲ್ಲಾ ಅಟ್ಟದ ಮೇಲಿವೆ."