ಖಾಲಿ ಸೀಸೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದ ಒಂದು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದೆ. ಜನ ಕಾಂಪೌಂಡರ್ ಎಂದು ಕರೆದರೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಫಾರ್ಮಸಿ ಡಿಪ್ಲೊಮಾ ಓದಿದವನು ನಾನು. ಮಾರ್ಫಿನ್ ಅಫೀಮಿನಿಂದ ಬರುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ, ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ನಾಲ್ಕಾರು ಗಂಟೆಗೆ ಅದರ ಬಲ ಇಳಿಯುತ್ತದೆ, ಅತಿಯಾದರೆ ಉಸಿರೇ ನಿಲ್ಲುತ್ತದೆ ಎಂದೆಲ್ಲ ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಿದ್ದೆ.

ಆಗ ಹೊಸ ಕಾನೂನು ಬಂದಿತ್ತು. ಹಳೆಯ ನಿಯಮಗಳಲ್ಲಿ ಡಾಕ್ಟರ ಚೀಟಿ ಇದ್ದರೆ ಕೊಡಬಹುದಾದ ಔಷಧಿಗಳದ್ದು ಒಂದು ಪಟ್ಟಿ, ಚೀಟಿಯ ನಕಲನ್ನೂ ಇಟ್ಟುಕೊಳ್ಳಬೇಕಾದವುಗಳದ್ದು ಇನ್ನೊಂದು. ಮಾರ್ಫಿನ್ ಮಾತ್ರ ಗಾಂಜಾ, ಬ್ರೌನ್ ಶುಗರ್ ಇರುವ ಈ ಹೊಸ ಕಾಯ್ದೆಯೊಳಗೆ ಸೇರಿತ್ತು. ಒಂದು ಸೀಸೆ ಹೆಚ್ಚುಕಮ್ಮಿಯಾದರೂ ಹತ್ತು ವರ್ಷ ಜೈಲು ಎಂದು ನಾವೆಲ್ಲ ನಂಬಿದ್ದೆವು. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ ಇತ್ತು: ಹಿಂದಿನ ಖಾಲಿ ಸೀಸೆ ತಂದುಕೊಟ್ಟರಷ್ಟೇ ಹೊಸದು.

ಗೌನಿಪಲ್ಲಿ ಕಡೆಯ ಮಾವಿನ ತೋಟದವನೊಬ್ಬ ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ. ಅವನ ಹೆಂಡತಿಗೆ ಬಾಯಿಯ ಕ್ಯಾನ್ಸರ್. ಬೆಂಗಳೂರಿನವರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ನಮ್ಮ ಡಾಕ್ಟರು ದಿನಕ್ಕೆರಡು ಸೀಸೆ ಮಾರ್ಫಿನ್ ಬರೆದಿದ್ದರು. ಅವನ ಊರಿನ ನರ್ಸಮ್ಮ ಚುಚ್ಚುತ್ತಿದ್ದಳು. ಮದ್ದೆಳೆದುಕೊಳ್ಳಲು ಕತ್ತು ಮುರಿದ ಆ ಪುಟ್ಟ ಗಾಜಿನ ಸೀಸೆಗಳನ್ನು ಅವನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ತರುತ್ತಿದ್ದ.

ಒಂದು ದಿನ ಬರಿಗೈಯಲ್ಲಿ ಬಂದ.

"ನಮ್ಮಮ್ಮ ಸೊಸೆಗೆ ದಿಷ್ಟಿ ತೆಗ್ದು, ಆ ಖಾಲಿ ಸೀಸೆ ಎರಡ್ನೂ ಮೂರು ದಾರಿ ಸೇರೋ ತಾವ ಎಸ್ದವ್ಳೆ ಸಾರ್. ಗಾಡಿ ಹರ್ದು ಪುಡಿಯಾಗೋಗವೆ."

ರೋಗಿಗೆ ನಿವಾಳಿಸಿದ್ದನ್ನು ಮೂರು ದಾರಿ ಕೂಡುವಲ್ಲಿ ಎಸೆದರೆ ರೋಗ ಅದನ್ನು ತುಳಿದವರ ಹಿಂದೆ ಹೊರಟುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಜ್ವರ ಬಂದಾಗ ನಮ್ಮಜ್ಜಿಯೂ ಹಾಗೆ ಮಾಡಿದವಳೇ. ಮೆಣಸಿನಕಾಯಿಗೆ, ನಿಂಬೆಹಣ್ಣಿಗೆ ಜಗ್ಗದ ರೋಗ ಸೀಸೆಯ ಜೊತೆಗಾದರೂ ಹೋಗಲಿ ಎಂದುಕೊಂಡಿರಬೇಕು ಆ ಮುದುಕಿ. ಇಷ್ಟು ಅರ್ಥವಾಗಿಯೂ ನಾನು ಬೀರುವಿನ ಬೀಗ ತೆಗೆಯಲಿಲ್ಲ. ಡಾಕ್ಟರು ಕೋಲಾರಕ್ಕೆ ಮೀಟಿಂಗಿಗೆ ಹೋಗಿದ್ದರು. ಒಡೆದುಹೋಯಿತೆಂದು ಬರೆಯಲು ರಿಜಿಸ್ಟರಿನಲ್ಲಿ ಜಾಗವಿತ್ತು, ನನ್ನ ಒಂದು ರುಜು ಸಾಕಿತ್ತು. ಹೆದರಿದೆ. ಹೆದರಿದೆನೆಂದು ಒಪ್ಪಿಕೊಳ್ಳಲಾರದೆ ಅವನ ಮೇಲೆ ರೇಗಿದೆ, ಮೂಢನಂಬಿಕೆಯ ಬಗ್ಗೆ ಭಾಷಣವನ್ನೂ ಬಿಗಿದೆ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಹಿಂದಿನ ಸಂಜೆಯ ಮದ್ದಿನ ಬಲ ಯಾವಾಗಲೋ ಇಳಿದಿರುತ್ತದೆ ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮತ್ತೆ ಬಂದು ಟವೆಲ್ಲು ಬಿಚ್ಚಿದ. ಮಣ್ಣು, ಸಗಣಿ, ನಡುವೆ ಗಾಜಿನ ಚೂರುಗಳು. ಬೆರಳುಗಳ ಮೇಲೆ ರಕ್ತ ಒಣಗಿತ್ತು. ಬೆಳಗಿನಿಂದ ಹೆಂಡತಿ ಕಿರುಚುತ್ತಲೇ ಇದ್ದಾಳೆ ಎಂದ. ನಾನು ಚೂರುಗಳನ್ನು ಕೆದಕಿ, ಎರಡು ಸೀಸೆಗಳ ತಳ ಸಿಕ್ಕ ಮೇಲೆಯೇ ಹೊಸವೆರಡನ್ನು ಕೊಟ್ಟೆ.

ಮರುದಿನ ಮೊದಲ ಬಸ್ಸಿಗೇ ಬಂದು ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟ. ಹತ್ತಿಯ ಮೇಲೆ ಎರಡು ಸೀಸೆ. ಕತ್ತು ಮುರಿದಿರಲಿಲ್ಲ.

"ನಾನ್ ಹೋಗೋಷ್ಟ್ರಲ್ಲಿ ಮುಗ್ದೋಗಿತ್ತು. ತುಂಬಿದಾವೆ, ನೋಡ್ಕೊಳ್ಳಿ ಸಾರ್. ನಿಮ್ಗೆ ತೊಂದ್ರೆ ಆಗ್ಬಾರ್ದಲ್ವಾ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನಿಷ್ಟು ವರ್ಷ ಒದ್ದಾಡುತ್ತಿರಲಿಲ್ಲ. ರಿಜಿಸ್ಟರು ತೆಗೆದು, ಎರಡು ಸೀಸೆ ವಾಪಸು ಎಂದು ಬರೆದು, ಹೆಬ್ಬೆಟ್ಟು ಒತ್ತಲು ಅವನ ಮುಂದಿಟ್ಟೆ. ಗಾಜು ಕೊಯ್ದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಬಿಚ್ಚು ಎಂದೆ. ಬಿಚ್ಚಿದ.