ರೇಡಿಯೋದ ಫ್ಯೂಸು

ಮದ್ದೂರು ಹತ್ತಿರದ ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಾಕೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರೇ ಕಾರಿನ ಬಾನೆಟ್ ಎತ್ತುತ್ತಿದ್ದರು. ಆಯಿಲ್ ಕಡ್ಡಿಯನ್ನು ಹಳೇ ಲಂಗದ ಚೂರಿನಲ್ಲಿ ಒರೆಸಿ, ಅದ್ದಿ ನೋಡಿ, ನೀರು ನೋಡಿದ ಮೇಲೆಯೇ ಅವರಿಗೆ ಕಾಫಿ. ಕಾರು ಕೆಟ್ಟರೂ ಹಸು ಒದ್ದರೂ ಅವರದು ಒಂದೇ ಮಾತು: “ಮೊದ್ಲು ನೋಡು, ಆಮ್ಯಾಕೆ ಬಯ್ಯಿ.”

ನನಗೆ ಹೆರಿಗೆ ನೋವು ಬಂದ ಮಧ್ಯಾಹ್ನ ಕಾರಿನಲ್ಲಿ ಮದ್ದೂರಿನ ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ದಾರಿಯಲ್ಲಿ ಜೋರು ಮಳೆ ಹಿಡಿಯಿತು, ವೈಪರ್ ನಿಂತುಹೋಯಿತು. ಪಕ್ಕದಲ್ಲಿ ರೇಡಿಯೋ ಹಾಡು ಕೇಳುತ್ತ ಕೂತಿದ್ದ ಅವರ ಯಜಮಾನರು ಕಾರನ್ನು ಬಯ್ಯತೊಡಗಿದರು. ಆಕೆ ಗಾಡಿ ನಿಲ್ಲಿಸಿ, ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದು, ವೈಪರಿನ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದರು. ಒಳಗಿನ ತಂತಿ ಸುಟ್ಟುಹೋಗಿತ್ತು.

“ತಂತಿ ಸುತ್ತಿ ಆಕು. ಪಂಪ್‌ಸೆಟ್‌ಗೆ ಸುತ್ತಲ್ವಾ?” ಎಂದರು ಯಜಮಾನರು.

“ಪಂಪ್‌ಸೆಟ್ಟಲ್ಲಿ ಬಸ್ರಿ ಕೂತಿರಾಕಿಲ್ಲ, ಸುಮ್ಕಿರು.”

ರೇಡಿಯೋದ ಫ್ಯೂಸೂ ಅದೇ ಅಳತೆಯದು. ಆಕೆ ಅದನ್ನು ಕಿತ್ತು ವೈಪರಿಗೆ ಹಾಕಿದರು. ಹಾಡು ನಿಂತಿತು, ವೈಪರ್ ಆಡಿತು. ಆಸ್ಪತ್ರೆ ಮುಟ್ಟುವವರೆಗೂ ಯಜಮಾನರು “ರೇಡಿಯೋ ಇಲ್ದೆ ಬೇಜಾರು” ಎಂದು ಗೊಣಗುತ್ತಲೇ ಇದ್ದರು.

ಸಂಜೆ ಮಗಳು ಹುಟ್ಟಿದಳು. ಗಂಟಲು ಹರಿಯುವ ಹಾಗೆ ಅಳುತ್ತಿದ್ದವಳನ್ನು ಆಕೆ ಬಟ್ಟೆಯಲ್ಲಿ ಸುತ್ತಿ ತಂದು ಯಜಮಾನರ ಕೈಗೆ ಕೊಟ್ಟರು.

“ತಕೋ, ನಿನ್ ರೇಡಿಯೋ.”