ಕುಲುಕಿದ ಸೇರು

ಹಾಸ್ಟೆಲ್ಲಿಗೆ ಎರಡು ಮೂಟೆ ರಾಗಿ, ಅಷ್ಟೇ ವ್ಯಾಪಾರ. ತುಮಕೂರಿನಿಂದ ಗುಬ್ಬಿಯ ನನ್ನ ಅಂಗಡಿಗೆ ಬಂದ ಫಾದರ್ ನನ್ನ ಹಳೇ ಸೇರನ್ನೇ ನೋಡುತ್ತಾ ನಿಂತರು. ಅದುಮಿ, ಕುಲುಕಿ, ತುಂಬಿ ತುಳುಕುವ ಅಳತೆಯ ಬಗ್ಗೆ ಏಸು ಆಡಿದ ಮಾತಿನ ಮೇಲೆ ಪ್ರಬಂಧ ಬರೆಯುತ್ತಿದ್ದರಂತೆ.

"ನಾನು ಓದಿದ ಪಂಡಿತರು ಯಾರೂ ರಾಗಿ ಅಳೆದವರಲ್ಲ. ನೀವೇ ಹೇಳಿ ಸಾಹುಕಾರ್ರೇ, ಮೊದಲು ಅದುಮೋದೋ, ಕುಲುಕೋದೋ?"

"ಕೊಳ್ಳೋವಾಗ್ಲೋ, ಮಾರೋವಾಗ್ಲೋ ಫಾದರ್?"

ಅವರು ನಕ್ಕು, "ಸುಮ್ನೆ ಕೊಡೋವಾಗ," ಎಂದರು.

ಅದು ನನಗೆ ಅಭ್ಯಾಸವಿರಲಿಲ್ಲ. ಆದರೂ ಕುಲುಕಿದೆ, ಅದುಮಿದೆ, ಅಂಚು ದಾಟಿ ಸುರಿಯುವ ಹಾಗೆ ತುಂಬಿದೆ. "ಇನ್ನೊಂದ್ಸಲ, ಇನ್ನೊಂದ್ಸಲ," ಎನ್ನುತ್ತಾ ಅವರು ಬರೆದುಕೊಳ್ಳುತ್ತಲೇ ಇದ್ದರು. ಪ್ರತಿಸಲ ಅಳೆದದ್ದನ್ನು ವಾಪಸ್ ಸುರಿಯಲು ನಾಚಿಕೆಯಾಗಿ ಅವರ ಮೂಟೆಗೇ ಹಾಕಿದೆ.

ಹೋದದ್ದು ಹನ್ನೆರಡು ಸೇರು. ಬಂದದ್ದು, ಅಚ್ಚಾದ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಒಂದು ಸಾಲು: 'ಕ್ರಮ ತೋರಿಸಿಕೊಟ್ಟವರು ಗುಬ್ಬಿಯ ಉದಾರ ವ್ಯಾಪಾರಿ.' ನಮ್ಮನೆಯವಳು ಓದಿ, "ಇದ್ಯಾರ್ರೀ?" ಅಂದಳು.